ಬಸಳೆ ಬಳ್ಳಿ ಕಟ್ಟಿಹಾಕಿದ ತಿಂಗಳು

ನಮ್ಮೂರಲ್ಲಿ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಮನೆಗಳು ಜಾಗ ಬದಲಾಯಿಸುವುದರಿಂದ ನೆಲದಲ್ಲಿ ಯಾರೂ ಏನನ್ನೂ ನೆಡುವುದಿಲ್ಲ. ಹಿಂದೆ ನೆಟ್ಟವರಿದ್ದರಂತೆ. ಕೆರೆ ಏರಿಯ ಪಕ್ಕದ ಮಾವಿನ ಮರ, ಗರಡಿಮನೆ ಹಿಂದಿನ ಎರಡು ನುಗ್ಗೆ ಮರಗಳು ಅವರು ಬಿಟ್ಟುಹೋದವು. ಅವಕ್ಕೆ ಈಗ ಒಡೆಯರಿಲ್ಲ. ಯುಗಾದಿಯ ಹೊತ್ತಿಗೆ ಯಾರ ಮನೆ ಮಾವಿನ ಮರದ ಮಗ್ಗುಲಿಗೆ ಬರುತ್ತದೋ ಅವರ ಉಪ್ಪಿನಕಾಯಿ ಭರಣಿ ತುಂಬುತ್ತದೆ, ಅಷ್ಟೆ. ಉಳಿದವರೆಲ್ಲ ಬಕೆಟ್ಟು, ಎಣ್ಣೆ ಡಬ್ಬ, ಸೋರುವ ಕೊಳಗ, ಒಡೆದ ಸಿಂಕು, ಕೈಗೆ ಸಿಕ್ಕಿದ್ದರಲ್ಲಿ ಮಣ್ಣು ತುಂಬಿ ಸೊಪ್ಪು ಬೆಳೆದುಕೊಳ್ಳುತ್ತಾರೆ. ಮನೆ ಹೋದಲ್ಲಿಗೆ ಡಬ್ಬವೂ ಹೋಗುತ್ತದೆ.

ಅಮಾವಾಸ್ಯೆಯ ದಿನ ಊಟ ಮುಗಿಯುತ್ತಲೇ ಊರಿಗೆ ಊರೇ ತೂಕಡಿಸುತ್ತದೆ. ಒಂದೂವರೆಗೆ ಮಲಗಿ ಮೂರಕ್ಕೆ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಲೋಟದ ನೀರು ಕೂಡ ತುಳುಕಿರುವುದಿಲ್ಲ, ಆದರೆ ಕಿಟಕಿ ತೆರೆದರೆ ಬೇರೆ ಬೀದಿ, ಬೇರೆ ಪಕ್ಕದ ಮನೆ. ಅಂಗಡಿ, ಶಾಲೆ, ಗುಡಿ, ಗರಡಿಮನೆ, ಅಂಚೆ ಕಚೇರಿ ಇದ್ದಲ್ಲೇ ಇರುತ್ತವೆ. ನಮ್ಮ ಯಜಮಾನರು ಲೋಕಪ್ಪನವರು ಊರಿನ ಪೋಸ್ಟ್‌ಮ್ಯಾನ್. ಅಮಾವಾಸ್ಯೆಯ ಸಂಜೆ ಅವರಿಗೆ ಕಾಫಿ ಕುಡಿಯಲೂ ಪುರುಸೊತ್ತಿಲ್ಲ. ಸೈಕಲ್ ಹತ್ತಿ, ಯಾರ ಮನೆ ಎಲ್ಲಿಗೆ ಬಂತು ಎಂದು ಬರೆದುಕೊಂಡು ಬಂದರೆ ತಿಂಗಳ ಕೆಲಸ ಸಲೀಸು.

ಹೀಗಿರುವುದರಿಂದ ನಮ್ಮಲ್ಲಿ ಜಗಳಕ್ಕೂ ಒಂದು ಲೆಕ್ಕಾಚಾರವಿದೆ. ಪಾಡ್ಯದಿಂದ ಹುಣ್ಣಿಮೆಯವರೆಗೆ ಪಕ್ಕದ ಮನೆಯವರು ಏನು ಮಾಡಿದರೂ ನಗುತ್ತೇವೆ. ಇನ್ನೂ ಅಷ್ಟು ದಿನ ಮುಖ ನೋಡಬೇಕಲ್ಲ. ಹುಣ್ಣಿಮೆ ಕಳೆದ ಮೇಲೆ ಮುಖ ಸ್ವಲ್ಪ ಬಿಗಿಯುತ್ತದೆ. ಕೊನೆಯ ಮೂರು ದಿನ ಮಾತ್ರ ಕೂಡಿಟ್ಟದ್ದನ್ನೆಲ್ಲ ಆಡಿ ಮುಗಿಸಿಬಿಡುತ್ತೇವೆ. ಆಮೇಲೆ ನಿದ್ದೆ, ಆಮೇಲೆ ಹೊಸ ನೆರೆಮನೆ. ಒಮ್ಮೆ ದೂರ ಹೋದ ನೆರೆಯವರ ಮನೆಗೆ ಹುಡುಕಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಯಾಕೆ ಹೋಗಬೇಕು? ಪಕ್ಕದಲ್ಲೇ ಒಬ್ಬರು ಇರುತ್ತಾರಲ್ಲ.

ನಾನು ಬ್ಲೌಸ್ ಹೊಲಿಯುವವಳು. ಹೆಸರು ಕಸ್ತೂರಿ. ನಲವತ್ತೆಂಟು ವರ್ಷದವರೆಗೆ ಒಂದು ಎಸಳು ಕೊತ್ತಂಬರಿಯನ್ನೂ ಬೆಳೆದವಳಲ್ಲ. ಸೊಪ್ಪು ಬೇಕಾದರೆ ಹೊಲಿಗೆಗೆ ಬಂದವರೇ ತಂದು ಕೊಡುತ್ತಿದ್ದರು. ಮಾಘ ಮಾಸದಲ್ಲಿ ಹೊನ್ನಮ್ಮ ಎಂಬ ಹಿರಿಯ ಹೆಂಗಸಿನ ಮನೆ ನಮ್ಮ ಮಗ್ಗುಲಿಗೆ ಬಂತು. ನನ್ನ ಖಾಲಿ ಕಟ್ಟೆಯನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

"ಇಷ್ಟು ಬಿಸಿಲು ಬೀಳೋ ಕಟ್ಟೆ ಮೇಲೆ ಬರೀ ಬಟ್ಟೆ ಚೂರು ಒಣಗಿಸ್ತೀಯಲ್ಲೇ! ನಾಚಿಕೆ ಆಗಲ್ವೇನೆ?" ಎಂದರು. ಅಂದು ಇನ್ನೂ ಬಿದಿಗೆ. ಹೊನ್ನಮ್ಮ ಮಾತ್ರ ಅಂಥ ಲೆಕ್ಕ ಇಟ್ಟುಕೊಂಡವರಲ್ಲ.

ಮರುದಿನ ನಾನೊಂದು ಪೇಂಟ್ ಬಕೆಟ್ ತೊಳೆದಿಟ್ಟೆ. ಆಕೆ ಅದನ್ನು ಬೋರಲು ಹಾಕಿ, ಮೊಳೆ ಕಾಯಿಸಿ, ತಳಕ್ಕೆ ಆರು ತೂತು ಹೊಡೆದರು. "ನೀರು ಒಳಗೆ ಹೋಗೋದು ಮುಖ್ಯ ಅಲ್ಲ, ಹೊರಗೆ ಬರೋದು ಮುಖ್ಯ" ಎಂದರು. ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ಕೆಮ್ಮಣ್ಣು, ಹಳೇ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಕಲಸಿದ್ದು. ಅಂಗೈಯಲ್ಲಿ ಹಿಡಿದು ಅಮುಕಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅದು ಬರುವವರೆಗೆ ನನ್ನ ಕೈಯಲ್ಲಿ ನಾಲ್ಕು ಸಲ ಕಲಸಿಸಿದರು. ಮೊದಲಿಗೆ ಮೆಂತ್ಯ ಹಾಕು, ಅದು ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ ಎಂದರು. ಮೂರನೆಯ ದಿನ ಬೆಳಿಗ್ಗೆ ಮಣ್ಣಿನಲ್ಲಿ ಹಸಿರು ಕಂಡಾಗ ನಾನು ಯಜಮಾನರನ್ನು ಹಲ್ಲುಜ್ಜುವುದು ಬಿಡಿಸಿ ಎಳೆದುಕೊಂಡು ಬಂದೆ. ಅವರು ಬಾಯಲ್ಲಿ ನೊರೆ ಇಟ್ಟುಕೊಂಡೇ ನೋಡಿ ತಲೆಯಾಡಿಸಿದರು.

ಮೆಂತ್ಯ ಕೊಯ್ದು ಸಾರಾಯಿತು. ದಂಟಿನ ಸೊಪ್ಪು ಬಂತು. ಕೊತ್ತಂಬರಿ ಮಾತ್ರ ಬರಲಿಲ್ಲ. ಕಾಳನ್ನು ಒಡೆದು ಹಾಕಬೇಕಿತ್ತಂತೆ, ನಾನು ಇಡಿಯಾಗಿಯೇ ಬಿತ್ತಿದ್ದೆ. ಟೊಮೆಟೊ ಸಸಿ ಆರನ್ನೂ ಒಂದೇ ಡಬ್ಬದಲ್ಲಿ ನೆಟ್ಟೆ, ಆರೂ ಒಂದರ ಕತ್ತು ಒಂದು ಹಿಸುಕಿದವು. ನೀರು ಹೆಚ್ಚಾಗಿ ಪುದೀನಾ ಕಪ್ಪಾಯಿತು. "ಬೆರಳು ಮಣ್ಣಲ್ಲಿ ಇಡು. ಒಂದು ಗೆಣ್ಣು ಒಳಗೆ ಒಣಗಿದ್ರೆ ಮಾತ್ರ ನೀರು. ಅಕ್ಕರೆ ಅಂತ ಹೊತ್ತು ಹೊತ್ತಿಗೂ ಕುಡಿಸ್ಬೇಡ" ಎಂದು ಹೊನ್ನಮ್ಮ ಗದರಿದರು. ಅಮಾವಾಸ್ಯೆಯ ಹಿಂದಿನ ದಿನ ಬಸಳೆಯ ಒಂದು ಗೇಣುದ್ದದ ದಂಟು ತಂದು ಪೇಂಟ್ ಬಕೆಟ್ಟಿನಲ್ಲಿ ಊರಿಕೊಟ್ಟು ಹೋದರು. ಮರುದಿನ ಆಕೆಯ ಮನೆ ಊರಿನ ಆ ತುದಿಗೆ ಹೋಯಿತು.

ಅವರ ಜಾಗಕ್ಕೆ ಬಂದದ್ದು ವಾರಿಜಾ ಟೀಚರ್ ಮನೆ.

ವಾರಿಜಾ ಟೀಚರ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ಒಂಟಿ ಜೀವ. ಎಲುಬಿನ ಮೈ, ಗಂಡಸರ ಬೂಟು. ಶಾಲೆಯ ಬ್ಯಾಂಡಿನ ಹರಿದ ಡ್ರಮ್ಮುಗಳನ್ನೆಲ್ಲ ಎಸೆಯಬೇಡಿ ಎಂದು ಕೇಳಿ ತಂದು, ಅವುಗಳಲ್ಲಿ ಸೊಪ್ಪು ಬೆಳೆದಿದ್ದರು. ದೊಡ್ಡ ಡ್ರಮ್ಮಿನಲ್ಲಿ ಬದನೆ, ಸಣ್ಣವುಗಳಲ್ಲಿ ಮೂಲಂಗಿ, ಪಾಲಕ್, ಗರಿಗರಿ ಎಲೆಯ ಲೆಟ್ಯೂಸ್. ಹೊರಗಿನ ಎಲೆಗಳನ್ನಷ್ಟೇ ಕಿತ್ತು ನಡುವಿನದನ್ನು ಬಿಟ್ಟರೆ ಮತ್ತೆ ಮತ್ತೆ ಬರುತ್ತದೆ ಎಂದು ನನಗೆ ಹೇಳಿದ್ದು ಅವರೇ. ಬೆಳಿಗ್ಗೆ ಅದನ್ನು ತೊಳೆದು, ನಿಂಬೆಹಣ್ಣು ಹಿಂಡಿ, ಹಸಿಯಾಗಿಯೇ ಕರಕರ ತಿನ್ನುತ್ತಿದ್ದರು. ಅದಕ್ಕೂ ಮೊದಲು ಐದೂವರೆಗೆ ಅಂಗಳದಲ್ಲಿ ನಿಂತು ಪೀಪಿ ಊದಿ, ಎರಡೂ ಕೈ ಎತ್ತಿ, ಇಳಿಸಿ, ತಮಗೆ ತಾವೇ ಡ್ರಿಲ್ ಮಾಡಿಸಿಕೊಳ್ಳುತ್ತಿದ್ದರು.

ಆ ಪೀಪಿ ನನ್ನ ನಿದ್ದೆ ಕೆಡಿಸುತ್ತಿತ್ತು. ಆದರೂ ಹುಣ್ಣಿಮೆವರೆಗೆ ನಕ್ಕೆ. ಅವರೊಂದು ಬ್ಲೌಸ್ ಹೊಲಿಯಲು ಕೊಟ್ಟರು, ಹೊಲಿದುಕೊಟ್ಟೆ. ತಿಂಗಳ ಕೊನೆಗೆ, ನಮ್ಮನೆಗೆ ನಾಲ್ಕು ಜನ ಗಿರಾಕಿಗಳು ಬಂದು ಕೂತಿದ್ದಾಗ, ಅದೇ ಬ್ಲೌಸ್ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

"ಕಸ್ತೂರಿಯವರೇ, ಇದನ್ನು ಹಾಕ್ಕೊಂಡು ಕೈ ಎತ್ತೋಕಾಗಲ್ಲ. ಬೊಂಬೆಗೆ ಹೊಲಿದ ಹಾಗಿದೆ."

ಗಿರಾಕಿಗಳ ಎದುರು ನನಗೆ ಹಾಗಂದವರು ಯಾರೂ ಇರಲಿಲ್ಲ. ಅಂದು ತ್ರಯೋದಶಿ ಬೇರೆ. ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಪೀಪಿಯ ವಿಷಯ ತೆಗೆದೆ, ಬೂಟಿನ ವಿಷಯ ತೆಗೆದೆ, ಆಡು ಮೇಯ್ದ ಹಾಗೆ ಹಸಿ ಸೊಪ್ಪು ತಿನ್ನುವ ವಿಷಯ ತೆಗೆದೆ. ಕೊನೆಗೆ, "ನಿಮ್ಮ ವಯಸ್ಸಿಗೆ ಯಾರ್ರೀ ಕೈ ಎತ್ಕೊಂಡು ಕುಣೀತಾರೆ? ಶಾಲೆಯವರು ಸಾಕು ಅಂತ ಮನೆಗೆ ಕಳಿಸಿದ್ದು ಗೊತ್ತಾಗ್ಲಿಲ್ವಾ?" ಎಂದೆ.

ಅವರೂ ಬಿಡಲಿಲ್ಲ. "ನಿಮ್ಮ ಕತ್ತರಿಗಿಂತ ನಾಲಿಗೆ ಹರಿತ ಇದೆ. ಅದ್ರಲ್ಲೇ ಬಟ್ಟೆ ಕತ್ತರಿಸಿ" ಎಂದು ಹೋದರು. ಮರುದಿನವೂ ಕಿಟಕಿಯಿಂದ ಕಿಟಕಿಗೆ ಇನ್ನಷ್ಟು ಆಡಿಕೊಂಡೆವು. ಅಮಾವಾಸ್ಯೆಯ ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡು, ಹಗುರವಾಗಿ ಮಲಗಿದೆ.

ಮೂರಕ್ಕೆ ಎದ್ದು, ಹೊಸ ನೆರೆಯವರಿಗೆ ತೋರಿಸಲು ನಗುಮುಖ ಮಾಡಿಕೊಂಡು ಕಿಟಕಿ ತೆರೆದೆ. ಎದುರು ಕಿಟಕಿಯಲ್ಲಿ ವಾರಿಜಾ ಟೀಚರ್ ಅದೇ ರೀತಿಯ ನಗುಮುಖ ಮಾಡಿಕೊಂಡು ನಿಂತಿದ್ದರು.

ಇಬ್ಬರ ಮುಖವೂ ಒಟ್ಟಿಗೇ ಇಳಿಯಿತು. ಕಿಟಕಿಗಳೂ ಒಟ್ಟಿಗೇ ಮುಚ್ಚಿದವು.

ಸಂಜೆ ಯಜಮಾನರು ಊರು ಸುತ್ತಿ ಬಂದು, ಸೈಕಲ್ ಒರಗಿಸಿ, ಎರಡು ಮನೆಗಳ ನಡುವೆ ಬಹಳ ಹೊತ್ತು ನಿಂತರು. "ನಮ್ಮ ಎರಡು ಮನೆ ಮಾತ್ರ ಜೋಡಿಯಾಗೇ ಬಂದಿವೆ ಕಣೆ. ಇಲ್ಲಿ ಬಾ" ಎಂದು ಕರೆದರು. ಬಂದು ನೋಡಿದೆ. ಒಂದು ತಿಂಗಳಲ್ಲಿ ನನ್ನ ಬಸಳೆ ಎರಡು ಮಾರು ಬೆಳೆದು, ಸಂದು ದಾಟಿ, ಟೀಚರ ಕಿಟಕಿಯ ಸರಳಿಗೆ ಮೂರು ಸುತ್ತು ಹಾಕಿತ್ತು. ಅಲ್ಲಿಂದ ಜೋತುಬಿದ್ದು ಅವರ ಖಾಲಿ ಡ್ರಮ್ಮೊಂದರ ಮಣ್ಣು ಮುಟ್ಟಿದ ಕಡೆ ಗೆಣ್ಣಿನಲ್ಲಿ ಬೇರನ್ನೂ ಬಿಟ್ಟಿತ್ತು. ಹಿಂದೆ ಅಣ್ಣತಮ್ಮಂದಿರು ಮನೆಗೆ ಮನೆ ಹಗ್ಗ, ಸರಪಣಿ ಎಲ್ಲ ಕಟ್ಟಿ ನೋಡಿ, ಮೂರು ಗಂಟೆಯೊಳಗೆ ದೂರವಾದವರೇ. ಬಳ್ಳಿಯ ವಿಷಯ ಯಾರಿಗೂ ಹೊಳೆದಿರಲಿಲ್ಲ.

"ಕತ್ತರಿ ತಗೊಂಡು ಬರಲಾ?" ಎಂದೆ.

"ಕತ್ತರಿಸಿದ್ರೂ ಮನೆ ಸರಿಯೋದು ಇನ್ನು ಮುಂದಿನ ಅಮಾವಾಸ್ಯೆಗೇ. ಆತುರ ಯಾಕೆ? ಒಳ್ಳೇ ಎಲೆ ಬಿಟ್ಟಿದೆ" ಎಂದರು ಯಜಮಾನರು. ಅವರಿಗೆ ಬಸಳೆ ಹುಳಿ ಎಂದರೆ ಪ್ರಾಣ.

ಆ ತಿಂಗಳ ಮೊದಲ ವಾರವನ್ನು ನೆನೆಸಿಕೊಂಡರೆ ಈಗಲೂ ಮೈ ಮುದುರುತ್ತದೆ. ಆಡಬಾರದ್ದನ್ನೆಲ್ಲ ಆಡಿ ಮುಗಿಸಿದ ಮೇಲೆ ಆ ಮನುಷ್ಯರ ಮುಖ ನೋಡಿಕೊಂಡು ಬದುಕುವುದು ಹೇಗೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರನ್ನು ಕೇಳಲಿ? ನಾನು ಬಟ್ಟೆ ಒಣಹಾಕಲು ಹೊರಬಂದರೆ ಅವರು ಒಳಹೋಗುತ್ತಿದ್ದರು. ಅವರು ಡ್ರಮ್ಮಿಗೆ ನೀರು ಹಾಕುತ್ತಿದ್ದರೆ ನಾನು ಬಾಗಿಲ ಹಿಂದೆ ಕಾಯುತ್ತಿದ್ದೆ. ಬೀದಿಯವರಿಗೆ ಇದೊಂದು ನೋಟ. ಕೆಲಸವಿಲ್ಲದಿದ್ದರೂ ಎರಡೆರಡು ಸಲ ನಮ್ಮ ಮುಂದೆ ಹಾದುಹೋಗಿ, ಏನಾದರೂ ಆಯಿತಾ ಎಂದು ಇಣುಕುತ್ತಿದ್ದರು. ಬೆಳಗಿನ ಪೀಪಿ ನಿಂತುಹೋಗಿತ್ತು. ನನಗೆ ಐದೂವರೆಗೆ ಎಚ್ಚರವಂತೂ ಆಗುತ್ತಿತ್ತು. ಎಚ್ಚರವಾಗಿ, ಸದ್ದಿಲ್ಲದ್ದನ್ನು ಕೇಳುತ್ತ ಮಲಗಿರುತ್ತಿದ್ದೆ.

ಒಂದು ಬೆಳಿಗ್ಗೆ ತಡೆಯಲಾಗದೆ ಕಿಟಕಿಯ ಸಂದಿಯಿಂದ ನೋಡಿದೆ. ಟೀಚರ್ ಅಂಗಳದಲ್ಲಿ ಪೀಪಿ ಇಲ್ಲದೆ ಕೈ ಎತ್ತಿ ಇಳಿಸುತ್ತಿದ್ದರು. ಹಾಕಿಕೊಂಡಿದ್ದು ಹಳೆಯ ಬ್ಲೌಸ್. ಕಂಕುಳು ಎರಡೂ ಕಡೆ ಬಿಟ್ಟುಹೋಗಿ ಪಿನ್ನು ಚುಚ್ಚಿದ್ದರು. ಕೈ ಎತ್ತಿದಾಗ ಭುಜದ ಹಿಂಬದಿ ಎಷ್ಟು ಎಳೆಯುತ್ತದೆ ಎಂದು ಕಣ್ಣಿಗೆ ಕಂಡಿತು. ಮೂವತ್ತು ವರ್ಷ ಹೊಲಿದಿದ್ದೇನೆ. ಎಲ್ಲರನ್ನೂ ಕೈ ಇಳಿಬಿಟ್ಟು ನಿಲ್ಲಿಸಿಯೇ ಅಳತೆ ತೆಗೆದದ್ದು. ಒಬ್ಬರಿಗಾದರೂ ಕೈ ಎತ್ತಿ ಎಂದು ಹೇಳಿದ ನೆನಪಿಲ್ಲ.

ನಾಲ್ಕು ಬೆಳಿಗ್ಗೆ ಕಿಟಕಿಯಿಂದಲೇ ನೋಡಿ ನೋಡಿ ಅಳತೆ ಅಂದಾಜು ಮಾಡಿದೆ. ಐದನೆಯ ದಿನ ಹೊಸ ಬ್ಲೌಸ್ ಕತ್ತರಿಸಿ, ಕಂಕುಳಲ್ಲಿ ಒಂದೊಂದು ಚೌಕದ ತುಂಡು ಕೂಡಿಸಿ ಹೊಲಿದೆ. ಹೊಲಿಯುವುದು ಸುಲಭ. ಎಂಟು ಹೆಜ್ಜೆ ನಡೆದು ಹೋಗಿ ಕೊಡುವುದು ಕಷ್ಟ. ಎರಡು ಸಲ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಯಜಮಾನರು ನನ್ನ ಹಿಂದೆಯೇ ಬಾಗಿಲು ಹಾಕಿಕೊಂಡುಬಿಟ್ಟರು.

ಟೀಚರ್ ಬಾಗಿಲು ತೆರೆದು ನನ್ನನ್ನೂ ಬ್ಲೌಸನ್ನೂ ನೋಡಿದರು. "ಅಳತೆ ಯಾವಾಗ ತಗೊಂಡ್ರಿ?"

"ಕಿಟಕಿಯಿಂದ."

ಒಳಗೆ ಹೋದರು. ನಾನು ಜಗಲಿಯ ಮೇಲೆ ನಿಂತೇ ಇದ್ದೆ, ಬೀದಿಯಲ್ಲಿ ಆರು ಜನ ನಿಂತಿದ್ದರು. ಹಾಕಿಕೊಂಡು ಬಂದು ಎರಡೂ ಕೈ ಮೇಲೆತ್ತಿದರು, ಪಕ್ಕಕ್ಕೆ ಚಾಚಿದರು, ಬಗ್ಗಿ ಕಾಲ ಬೆರಳು ಮುಟ್ಟಿದರು.

"ಎಡಗೈ ಇನ್ನೂ ಸ್ವಲ್ಪ ಬಿಗಿ" ಎಂದರು.

"ಬಿಚ್ಚಿಕೊಡ್ತೀನಿ."

"ಒಳಗೆ ಬನ್ನಿ. ಬಿಸಿಲಲ್ಲಿ ಯಾಕೆ ನಿಂತ್ಕೊಂಡಿದ್ದೀರಿ?"

ಒಳಗೆ ಒಂದು ತಟ್ಟೆ ಲೆಟ್ಯೂಸ್ ಎಲೆ ಮುಂದಿಟ್ಟರು. ಆಡಿನ ಮಾತು ಇಬ್ಬರಿಗೂ ನೆನಪಿತ್ತು ಅಂತ ಕಾಣುತ್ತದೆ. ನಾನು ಒಂದು ಎಲೆ ಎತ್ತಿಕೊಂಡು ತಿಂದೆ. ತಣ್ಣಗೆ, ಕರಕರ ಅಂತ ಚೆನ್ನಾಗಿಯೇ ಇತ್ತು. ಎರಡನೆಯ ತಟ್ಟೆಯ ಹೊತ್ತಿಗೆ ಅವರೇ ಹೇಳಿದರು. "ಪೀಪಿ ಊದಿದ್ರೆ ಮುನ್ನೂರು ಮಕ್ಕಳು ಕೈ ಎತ್ತೋರು. ಈಗ ನಾನೊಬ್ಬಳೇ. ಊದದೆ ಇದ್ರೆ ನನ್ನ ಕೈನೂ ಏಳಲ್ಲ ಅನ್ನೋ ಭಯ ಕಸ್ತೂರಿಯವರೇ. ಈ ವಾರ ನೋಡಿದೆ, ಏಳುತ್ತೆ."

"ಆದರೂ ಊದಿ. ಆರು ಗಂಟೆಗೆ ಊದಿ" ಎಂದೆ.

ಅಲ್ಲಿಂದ ಮುಂದಿನ ಎರಡು ವಾರ ನಾನು ಅರ್ಧ ದಿನ ಆ ಕಡೆಯೇ. ಅವರೆಕಾಯಿ ಬಳ್ಳಿಗೆ ಹೇನು ಹತ್ತಿದಾಗ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಎಲೆಯ ಅಡಿಗೆ ಹೇಗೆ ಚಿಮುಕಿಸಬೇಕೆಂದು ತೋರಿಸಿದರು. ಮೂಲಂಗಿಗೆ ಆಳದ ಡಬ್ಬ, ಸೊಪ್ಪಿಗೆ ಅಗಲದ ಡಬ್ಬ ಎಂದು ತಿಳಿಯಿತು. ಬಸಳೆಯನ್ನು ಇಬ್ಬರೂ ಕೊಯ್ದುಕೊಂಡೆವು. ಅದನ್ನು ಕತ್ತರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಅಮಾವಾಸ್ಯೆಗೂ ಅದು ಹಿಡಿದುಕೊಳ್ಳುತ್ತದೆ ಎಂದು ಇಬ್ಬರಿಗೂ ಒಳಗೊಳಗೇ ಇತ್ತು.

ಆ ಆಸೆಯೇ ಕೆಡಿಸಿತು. ಬಳ್ಳಿ ಇನ್ನಷ್ಟು ಗಟ್ಟಿಯಾಗಲಿ ಎಂದು ನಾನೊಂದು ದಿನ ಟೀಚರಿಗೆ ಹೇಳದೆ ಮೂರು ಬೊಗಸೆ ಸಗಣಿ ತಂದು ಬುಡಕ್ಕೆ ಮೆತ್ತಿದೆ. ಆಗಷ್ಟೇ ಹಾಕಿದ ಹಸಿ ಸಗಣಿ. ಅದರ ಮೇಲೆ ಎರಡು ಚೊಂಬು ನೀರು. ಏಕಾದಶಿಯ ದಿನ ನನ್ನ ಕಡೆಯ ಎಲೆಗಳು ಹಳದಿಯಾದವು. ಚತುರ್ದಶಿಯ ಬೆಳಿಗ್ಗೆ ಬುಡ ಮುಟ್ಟಿದರೆ ಮೆತ್ತಗಿತ್ತು. ಸ್ವಲ್ಪ ಎಳೆದೆ, ದಂಟು ಕೊಳೆತು ಕೈಗೆ ಬಂತು.

ಹೇಳಬೇಕಿತ್ತು. ನಾಚಿಕೆಯಾಯಿತು. ದಂಟನ್ನು ಮತ್ತೆ ಬಕೆಟ್ಟಿನಲ್ಲಿ ಊರಿಟ್ಟು, ಏನೂ ಆಗದವಳಂತೆ ಒಳಗೆ ಹೋದೆ. ಮರುದಿನ ಮಧ್ಯಾಹ್ನ ಮಲಗಲೇಬಾರದೆಂದು ಖಾರದ ಪುಡಿ ಕುಟ್ಟುತ್ತ ಕೂತೆ. ಎದ್ದಾಗ ಒನಕೆ ತೊಡೆಯ ಮೇಲಿತ್ತು, ಗಂಟೆ ಮೂರು. ಕಿಟಕಿಯಾಚೆ ಯಾರೋ ದಪ್ಪನೆಯ ಗಂಡಸು, "ನಮಸ್ಕಾರ ತಾಯಿ, ಚೆನ್ನಾಗಿದ್ದೀರಾ?" ಎಂದು ಹಲ್ಲು ಕಿರಿಯುತ್ತಿದ್ದ. ನನ್ನ ಬಕೆಟ್ಟಿನಿಂದ ಒಂದು ಗೇಣು ಬಾಡಿದ ಬಳ್ಳಿ ಗಾಳಿಗೆ ಆಡುತ್ತಿತ್ತು.

ಸಂಜೆ ಯಜಮಾನರು ಬಂದು ಸೈಕಲ್ ನಿಲ್ಲಿಸಿದ ರೀತಿಯಲ್ಲೇ ಏನೋ ಇದೆ ಎಂದು ಗೊತ್ತಾಯಿತು.

"ಟೀಚರ್ ಮನೆ ಕೆರೆ ಏರಿ ಹತ್ತಿರ ಹೋಗಿದೆ. ನೀನೇ ಬಳ್ಳಿ ಕತ್ತರಿಸಿದೆ ಅಂದ್ಕೊಂಡಿದ್ದಾರೆ."

"ನಾನಾ?"

"'ಕತ್ತರಿ ಕೈಯಲ್ಲಿರೋರು ಎಷ್ಟು ದಿನ ಸುಮ್ಮನಿರ್ತಾರೆ ಬಿಡಿ' ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ನಾನು ಬಕೆಟ್ಟಿನಿಂದ ಆ ಕೊಳೆತ ದಂಟನ್ನು ಕಿತ್ತು, ಕಾಗದದಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟಿದೆ. "ಎಲ್ಲಿಗೆ?" ಎಂದರು ಯಜಮಾನರು. ಕೆರೆ ಏರಿಗೆ ಎಂದೆ. ಹೊಸ ನೆರೆಯ ಗಂಡಸು, "ಹೋದವರ ಮನೆಗಾ?" ಎಂದು ಬಾಯಿ ತೆರೆದುಕೊಂಡು ನಿಂತ. ದಾರಿಯುದ್ದಕ್ಕೂ ಅದೇ. ಬಾಗಿಲಲ್ಲಿ ಕೂತವರು ಎದ್ದು ನಿಂತು ನೋಡಿದರು. ಒಂದು ಮೈಲಿ ನಡೆಯುವಷ್ಟರಲ್ಲಿ ಹೇಳಬೇಕಾದ ಮಾತನ್ನು ಇಪ್ಪತ್ತು ಸಲ ಜೋಡಿಸಿಕೊಂಡೆ, ಇಪ್ಪತ್ತು ಸಲವೂ ಅದು ಬಿಚ್ಚಿಹೋಯಿತು.

ಟೀಚರ್ ಡ್ರಮ್ಮುಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ಚೊಂಬು ಕೆಳಗಿಟ್ಟರು. ನಾನು ಕಾಗದ ಬಿಚ್ಚಿ ದಂಟನ್ನು ಅವರ ಮುಂದೆ ಹಿಡಿದೆ.

ಅವರು ಅದನ್ನು ತೆಗೆದುಕೊಂಡು ತುದಿ ನೋಡಿದರು, ಬೆರಳಲ್ಲಿ ಒತ್ತಿದರು, ಮೂಸಿದರು. ಮುಖ ಕಿವುಚಿದರು.

"ಹಸಿ ಸಗಣಿ ಹಾಕಿದ್ರಾ?"

"ಹೂಂ."

"ಎಷ್ಟು?"

"ಮೂರು ಬೊಗಸೆ. ಮೇಲೆ ಎರಡು ಚೊಂಬು ನೀರು. ಗಟ್ಟಿಯಾಗ್ಲಿ ಅಂತ. ನೀವು ಹೋಗಬಾರದು ಅಂತ. ನಾನೇ ಕೊಂದೆ ಟೀಚರ್. ನಿನ್ನೆಯೇ ಗೊತ್ತಾಗಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಅವರು ದಂಟನ್ನು ಪಕ್ಕಕ್ಕೆ ಎಸೆದರು. ಆಮೇಲೆ ಶುರು ಮಾಡಿದರು. ಹಸಿ ಸಗಣಿ ಬಿಸಿ, ಬೇರು ಸುಡುತ್ತದೆ ಅಂತ ಎಷ್ಟು ಸಲ ಹೇಳಿದ್ದೆ? ಆರು ತಿಂಗಳು ಕೊಳೆಸದೆ ಯಾರಾದರೂ ಹಾಕುತ್ತಾರಾ? ಅದರ ಮೇಲೆ ಎರಡು ಚೊಂಬು ನೀರು ಬೇರೆ! ಅದು ಗಿಡವೋ ಎಮ್ಮೆಯೋ? ಡ್ರಿಲ್ ಮೈದಾನದ ಗಂಟಲು ಅದು, ಕೆರೆಯ ಆಚೆ ದಡದವರೆಗೂ ಕೇಳಿರಬೇಕು. ಹೊಸ ನೆರೆಯವರು ಹೊರಗೆ ಬಂದು ಕುರ್ಚಿ ಹಾಕಿಕೊಂಡರು. ನಾನು ತಲೆ ತಗ್ಗಿಸಿಕೊಂಡು ಒಂದೊಂದನ್ನೂ ಕೇಳಿಸಿಕೊಂಡೆ. ಜೀವನದಲ್ಲಿ ಯಾವ ಬೈಗುಳವೂ ಅಷ್ಟು ಹಿತವಾಗಿರಲಿಲ್ಲ.

ಸುಸ್ತಾದ ಮೇಲೆ ನಿಲ್ಲಿಸಿದರು. ಅವರ ಕಿಟಕಿಯ ಸರಳಿನ ಕೆಳಗೆ, ಡ್ರಮ್ಮಿನಲ್ಲಿ, ಬಳ್ಳಿಯ ಆ ತುದಿ ತನ್ನದೇ ಬೇರಿನ ಮೇಲೆ ಹಸಿರಾಗಿ ನಿಂತಿತ್ತು.

"ಒಂದು ತುಂಡು ಕೊಡ್ತೀರಾ?" ಎಂದೆ.

"ನಿಮ್ಮ ಕೈಗಾ? ಕೊಡಲ್ಲ" ಎಂದರು. ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದರು, ಬಾಗಿಲಿಗೆ ಚಿಲಕ ಹಾಕಿದರು. ಸರಳಿನ ಸುತ್ತನ್ನು ಒಂದೊಂದಾಗಿ ಬಿಡಿಸಿ ಬಳ್ಳಿಯನ್ನು ಡ್ರಮ್ಮಿನ ಮೇಲೆ ಸುರುಳಿ ಸುತ್ತಿದರು. "ಬಂದು ನಾನೇ ಕತ್ತರಿಸಿ ನೆಟ್ಟುಕೊಡ್ತೀನಿ. ಆ ಬಕೆಟ್ಟಿನ ಮಣ್ಣು ಪೂರ್ತಿ ಸುರಿಸಿ ಒಣಗಿಸ್ಬೇಕು. ಅಲ್ಲಿವರೆಗೂ ಬಳ್ಳಿ ಈ ಡ್ರಮ್ಮಲ್ಲೇ ಇರ್ಲಿ. ಹಿಡ್ಕೊಳ್ಳಿ ಆ ಕಡೆ."

"ಇವತ್ತೇನಾ?"

"ಮತ್ತಿನ್ಯಾವತ್ತು?"

ಡ್ರಮ್ಮಿನ ಒಂದು ಪಟ್ಟಿ ಅವರು, ಒಂದು ಪಟ್ಟಿ ನಾನು ಹಿಡಿದುಕೊಂಡು ಹೊರಟೆವು. ಒದ್ದೆ ಮಣ್ಣು, ಹೆಣಭಾರ. ಬೀದಿಯ ಎರಡೂ ಕಡೆ ಜನ ಹೊರಗೆ ಬಂದು ನಿಂತಿದ್ದರು. ಗರಡಿಮನೆಯ ತಿರುವಿನಲ್ಲಿ ನನ್ನ ಬಲಗೈ ಸೋತಿತು. ಡ್ರಮ್ಮನ್ನು ಇಳಿಸಿ ಉಸಿರು ಬಿಟ್ಟೆವು. ಇನ್ನೂ ಅರ್ಧ ದಾರಿ ಇತ್ತು.

"ಕೈ ಬದಲಾಯಿಸೋಣ. ಈ ಕಡೆ ಬನ್ನಿ" ಎಂದರು ಟೀಚರ್.

ನಾನು ಆ ಕಡೆ ಹೋದೆ, ಅವರು ಈ ಕಡೆ ಬಂದರು. ಮತ್ತೆ ಎತ್ತಿಕೊಂಡೆವು.